ಪ್ರತಿಭಾ ಪುರಸ್ಕಾರವೇ ಬೇರೆ, ವಿದ್ಯಾರ್ಥಿವೇತನವೇ ಬೇರೆ

ಜೂನ್ ತಿಂಗಳು ಬಂತೆಂದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳ ಮುಂದೆ ತಾಯಂದಿರು ಪಠ್ಯಪುಸ್ತಕಗಳಿಗೆ ಚೌಕಾಸಿ ಮಾಡುವುದನ್ನು ಕಾಣುತ್ತೇವೆ. ದಾಖಲಾತಿ ಶುಲ್ಕ, ಪುಸ್ತಕ, ಸಮವಸ್ತ್ರ, ಬಸ್ ಪಾಸು ಎಲ್ಲ ಖರ್ಚೂ ಒಟ್ಟಿಗೇ ಬರುವ ಕಾಲವದು. ಬಡ ಕುಟುಂಬದಲ್ಲಿ ಮಗಳು ಮುಂದೆ ಓದಬೇಕೋ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬೇಕೋ ಎಂಬುದು ತೀರ್ಮಾನವಾಗುವುದೂ ಆಗಲೇ.

ನಮ್ಮ ನಗರದಲ್ಲಿ ಸೇವಾ ಸಂಸ್ಥೆಗಳಿಗೆ ಕೊರತೆಯಿಲ್ಲ. ಬೆಂಗಳೂರು ರೋಟರಿ ಕ್ಲಬ್ 1934ರಲ್ಲೇ ಆರಂಭವಾಯಿತು. ಆಮೇಲೆ ಬಡಾವಣೆಗೊಂದರಂತೆ ಕ್ಲಬ್ಬು, ಸಂಘಗಳು ಹುಟ್ಟಿಕೊಂಡವು. ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು, ಫಲಕ, ಚೆಕ್ಕು ಕೊಡುತ್ತಾರೆ. ಇದು ಒಳ್ಳೆಯದೇ, ಮಕ್ಕಳಿಗೆ ಹುರುಪು ಬರುತ್ತದೆ. ಆದರೆ ಇದು ಪುರಸ್ಕಾರ. ವಿದ್ಯಾರ್ಥಿವೇತನದ ಕೆಲಸ ಓದು ನಿಲ್ಲದ ಹಾಗೆ ನೋಡಿಕೊಳ್ಳುವುದು.

ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಗೊತ್ತಿತ್ತು. ಅವೆನ್ಯೂ ರಸ್ತೆಗೆ ಹತ್ತಿರದ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ಪ್ರಯಾಣಿಕರಿಗೆ ತಂಗುದಾಣವಾದರೆ ಸಾಲದೆಂದು ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಮಾಡಿದರು. ಹಳ್ಳಿಯಿಂದ ಬಂದ ಹುಡುಗನಿಗೆ ಒಂದು ದಿನದ ಸನ್ಮಾನಕ್ಕಿಂತ ಓದು ಮುಗಿಯುವ ತನಕ ತಲೆಯ ಮೇಲೊಂದು ಸೂರು ಮುಖ್ಯ. ಸರ್ ಎಂ. ವಿಶ್ವೇಶ್ವರಯ್ಯನವರೂ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು. 1881ರಲ್ಲಿ ಬಿ.ಎ. ಆದ ಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು.

ಹಾಗಾದರೆ ಕ್ಲಬ್ಬುಗಳು ಏನು ಮಾಡಬಹುದು? ನಮ್ಮ ಕೆಲಸದಲ್ಲಿ ಕಂಡುಕೊಂಡ ನಾಲ್ಕು ಮಾತು ಹೇಳುತ್ತೇವೆ.

1. ಹಣ ದಾಖಲಾತಿಗೆ ಮೊದಲೇ ಕೈಸೇರಲಿ. ಆಗಸ್ಟ್ ಸಮಾರಂಭದ ಚೆಕ್ಕು ಜೂನ್ ತಿಂಗಳ ಸಾಲವನ್ನು ತಪ್ಪಿಸುವುದಿಲ್ಲ.

2. ಅಂಕಪಟ್ಟಿ ಮಾತ್ರ ನೋಡಬೇಡಿ, ಮನೆಗೊಮ್ಮೆ ಹೋಗಿ ಬನ್ನಿ. ತಮ್ಮಂದಿರನ್ನು ನೋಡಿಕೊಂಡು, ನೀರು ಹೊತ್ತು ಶೇಕಡಾ 60 ತೆಗೆದ ಹುಡುಗಿಯ ಶ್ರಮ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

3. ಹತ್ತು ಮಕ್ಕಳಿಗೆ ಒಂದು ವರ್ಷ ಕೊಡುವ ಬದಲು, ಐದು ಮಕ್ಕಳಿಗೆ ಎರಡು ವರ್ಷ ಕೊಡಿ. ಪಿಯುಸಿ ಅರ್ಧಕ್ಕೆ ನಿಲ್ಲದು.

4. ಬಡತನವನ್ನು ಮೈಕಿನಲ್ಲಿ ಹೇಳಬೇಡಿ. ಮಗುವಿಗೂ ಮರ್ಯಾದೆ ಇದೆ ಅಲ್ವೇ?

ಇನ್ನೊಂದು ಮಾತು. 2008ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಎನ್.ಎಂ.ಎಂ.ಎಸ್. ಯೋಜನೆಯಲ್ಲಿ, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು 8ನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಪಡೆಯಬಹುದು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯುವ ಕ್ಲಬ್ಬುಗಳು ಎರಡು ವರ್ಷ ಮೊದಲೇ ಶಾಲೆಗೆ ಹೋಗಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಮಾಡಿಸಿ, ಪರೀಕ್ಷೆಗೆ ತಯಾರಿ ಕೊಡಿಸಲಿ. ಇದಕ್ಕೆ ಹೆಚ್ಚು ಹಣ ಬೇಡ, ಸದಸ್ಯರ ನಾಲ್ಕು ಶನಿವಾರ ಸಾಕು.

ನಿಮ್ಮ ಬೀದಿಯಲ್ಲಿ ಈ ವರ್ಷ 8ನೇ ತರಗತಿ ಓದುತ್ತಿರುವ ಮಗು ಯಾರು? ಇವತ್ತೇ ಕೇಳಿ ತಿಳಿದುಕೊಳ್ಳಿ.