ನೀರಿನ ಬಾಟಲಿಯ ಕಾಣಿಕೆ: ಫ್ಲಾಸ್ಕ್ ಮಾದರಿಯದೋ, ಸಾದಾ ಉಕ್ಕಿನದೋ?

ಜಾತ್ರೆ, ಮದುವೆ, ಗೃಹಪ್ರವೇಶಗಳಲ್ಲಿ ಹೆಸರು ಮುದ್ರಿಸಿದ ಉಕ್ಕಿನ ಬಾಟಲಿಗಳನ್ನು ಹಂಚುವ ರೂಢಿ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯೂ ಬೆಳೆದಿದೆ. ಅಂಗಡಿಯವರೂ ಸಂಘಗಳವರೂ ತಮ್ಮ ಹೆಸರಿನಲ್ಲಿ ಇವನ್ನು ಮಾಡಿಸುತ್ತಾರೆ. ಪ್ಲಾಸ್ಟಿಕ್ ಬಾಟಲಿ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಬಿಸಿ ಉಳಿಸುವ ಫ್ಲಾಸ್ಕ್ ಮಾದರಿಯನ್ನು ಕೊಡಬೇಕೇ, ಸಾದಾ ಬಾಟಲಿಯನ್ನೇ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಬೆಲೆ ಹೆಚ್ಚಿನದು ಆರೋಗ್ಯಕ್ಕೂ ಮೇಲೆಂಬ ಭಾವನೆ ಸರಿಯಲ್ಲ. ಪಡೆಯುವವರು ಯಾರು, ಅದರಲ್ಲಿ ಏನನ್ನು ತುಂಬುವರು ಎಂಬುದೇ ಇಲ್ಲಿ ಮುಖ್ಯ.

ಫ್ಲಾಸ್ಕ್ ಮಾದರಿಯ ಬಾಟಲಿಗೆ ಎರಡು ಗೋಡೆಗಳಿರುತ್ತವೆ. ನಡುವಿನ ಗಾಳಿಯನ್ನು ತೆಗೆದಿರುತ್ತಾರೆ. ಗಾಳಿಯಿಲ್ಲದ ಆ ಎಡೆಯನ್ನು ಶಾಖವು ಸುಲಭವಾಗಿ ದಾಟಲಾರದು. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಪ್ರಯೋಗಶಾಲೆಗಾಗಿ ರೂಪಿಸಿದ ಪಾತ್ರೆಯೇ ಇದರ ಮೂಲ. ನೆನಪಿಡಬೇಕಾದುದಿಷ್ಟೆ: ಈ ಬಾಟಲಿ ಉಳಿಸುವುದು ಬಿಸಿಯನ್ನು ಅಥವಾ ತಂಪನ್ನು ಮಾತ್ರ, ಶುದ್ಧಿಯನ್ನಲ್ಲ.

ಕುದಿಸಿ ಆರಿಸಿದ ನೀರನ್ನು ಲಘುವೆಂದು ಹೇಳುವ ವಾಗ್ಭಟನ ಅಷ್ಟಾಂಗ ಹೃದಯವು, ಅದೇ ನೀರು ರಾತ್ರಿ ಕಳೆದು ಹಳತಾದರೆ ದೋಷಗಳನ್ನು ಕೆರಳಿಸುವುದೆಂದು ಎಚ್ಚರಿಸುತ್ತದೆ. ಆದುದರಿಂದ ಯಾವ ಬಾಟಲಿಯಾದರೂ ನೀರನ್ನು ದಿನವೂ ಹೊಸದಾಗಿ ತುಂಬಬೇಕು. ಕೆಮ್ಮು, ದಮ್ಮು ಇರುವ ವೃದ್ಧರಿಗೆ, ಬಾಣಂತಿಯರಿಗೆ, ಮಂಜು ಕವಿಯುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದಂತಹ ಸ್ಥಳಗಳಿಗೆ ಹೋಗುವವರಿಗೆ ಅರ್ಧ ಲೀಟರಿನ ಫ್ಲಾಸ್ಕ್ ನಿಜವಾದ ಉಪಕಾರ. ಆದರೆ ಅದರೊಳಗಿನ ಪಾನೀಯವನ್ನು ಲೋಟಕ್ಕೆ ಬಗ್ಗಿಸಿ, ಆರಿಸಿ ಕುಡಿಯಬೇಕು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ತಿಳಿಸಿದೆ.

ಹಾಲಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಗುವಿಗೆಂದು ಬೆಚ್ಚಗಿನ ಹಾಲನ್ನು ಫ್ಲಾಸ್ಕಿನಲ್ಲಿ ತುಂಬಿ ಗಂಟೆಗಟ್ಟಲೆ ಪ್ರಯಾಣ ಮಾಡುವ ತಾಯಂದಿರಿದ್ದಾರೆ. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಬೆಚ್ಚಗಿನ ಹಾಲನ್ನು ಬೆಚ್ಚಗೇ ಉಳಿಸುವುದೆಂದರೆ ಅವುಗಳಿಗೆ ಅನುಕೂಲ ಮಾಡಿಕೊಟ್ಟಂತೆ. ಇದರಿಂದ ಎಳೆಯ ಮಕ್ಕಳಿಗೆ ವಾಂತಿ ಭೇದಿ ತಗುಲಬಹುದು. ಫ್ಲಾಸ್ಕಿನಲ್ಲಿ ಕುದಿಸಿದ ನೀರನ್ನಷ್ಟೆ ಒಯ್ಯುವುದು ಲೇಸು.

ಇನ್ನು ಹೊಲದಲ್ಲಿ ದುಡಿಯುವವರ, ಶಿವರಾತ್ರಿಗೆ ಹನೂರು, ತಾಳಬೆಟ್ಟದ ದಾರಿಯಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರ ಮಾತು. ಅವರಿಗೆ ಬೇಕಾದುದು ಹೆಚ್ಚು ನೀರು, ಕಡಿಮೆ ಭಾರ. ಎರಡು ಗೋಡೆಯ ಬಾಟಲಿ ಭಾರವೂ ಹೆಚ್ಚು, ದಪ್ಪವೂ ಹೆಚ್ಚು. ಒಂದು ಲೀಟರಿನ ಸಾದಾ ಉಕ್ಕಿನ ಬಾಟಲಿಯೇ ಅವರಿಗೆ ತಕ್ಕುದು. ಅದಕ್ಕೆ ಒದ್ದೆ ಬಟ್ಟೆ ಸುತ್ತಿದರೆ, ಮಡಕೆಯ ನೀರು ತಣ್ಣಗಾಗುವ ಹಾಗೆಯೇ, ಬಟ್ಟೆಯ ತೇವ ಆರುತ್ತ ಒಳಗಿನ ನೀರನ್ನು ತಂಪು ಮಾಡುತ್ತದೆ. ಫ್ಲಾಸ್ಕಿಗೆ ಬಟ್ಟೆ ಸುತ್ತಿದರೆ ಪ್ರಯೋಜನವಿಲ್ಲ. ಸಾದಾ ಬಾಟಲಿಗೆ ಕುದಿಯುವ ನೀರನ್ನು ಮಾತ್ರ ತುಂಬಬಾರದು, ಕೈ ಸುಟ್ಟೀತು. ತಾಮ್ರದ ಬಾಟಲಿಯಾದರೆ ಮಜ್ಜಿಗೆ, ನಿಂಬೆ ಪಾನಕಗಳು ನಿಷಿದ್ಧ. ಹುಳಿ ತಾಗಿ ತಾಮ್ರ ಕರಗುತ್ತದೆ.

ಸಗಟಿನಲ್ಲಿ ಕೊಳ್ಳುವವರು ಐಎಸ್‌ಐ ಗುರುತನ್ನು ನೋಡಲಿ. ಮೊದಲು ಒಂದೇ ಬಾಟಲಿ ತಂದು ಕುದಿಯುವ ನೀರು ತುಂಬಿ ಮುಚ್ಚಿ, ಕಾಲು ಗಂಟೆಯ ನಂತರ ಹೊರಮೈ ಮುಟ್ಟಿ ನೋಡಲಿ. ಬಿಸಿಯಾಗಿದ್ದರೆ, ಮೇಲೆ ಏನೇ ಬರೆದಿರಲಿ, ಅದು ಫ್ಲಾಸ್ಕ್ ಅಲ್ಲ. ಕೈ ಅಥವಾ ಬ್ರಷ್ಷು ಹೋಗುವಷ್ಟು ಬಾಯಿ ಅಗಲವಿರಲಿ. ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ತೊಳೆಯುವಂತಿರಲಿ. ಕೊಳೆ ನಿಲ್ಲುವುದು ಅಲ್ಲಿಯೇ.

ಎಲ್ಲರಿಗೂ ಒಂದೇ ಬಗೆಯದನ್ನು ಕೊಡಬೇಕಾದರೆ ನಾವು ಸಾದಾ ಉಕ್ಕಿನದನ್ನೇ ಸೂಚಿಸುತ್ತೇವೆ. ಉಳಿದ ಹಣದಲ್ಲಿ ಊರಿನ ವೃದ್ಧರಿಗೂ ಬಾಣಂತಿಯರಿಗೂ ಒಂದೊಂದು ಒಳ್ಳೆಯ ಫ್ಲಾಸ್ಕ್ ಸಲ್ಲಲಿ. ಪಡೆದವರ ಅಗತ್ಯವನ್ನು ಅರಿತು ಕೊಟ್ಟಾಗಲೇ ಕಾಣಿಕೆಯು ದಾಸೋಹವಾಗುತ್ತದೆ.