ಚೈನ್ ಸಾ ರಿಪೇರಿ: ಅರ ಮನೆಯಲ್ಲಿರಲಿ, ಎಂಜಿನ್ ಅಂಗಡಿಗೆ ಹೋಗಲಿ

ಕಾಫಿ ತೋಟದ ಮರಗಸಿಗೆ, ಸಿಲ್ವರ್ ಓಕ್ ಕಡಿಯುವುದಕ್ಕೆ ಚೈನ್ ಸಾ ಈಗ ಕತ್ತಿಯಷ್ಟೇ ಸಾಮಾನ್ಯ. ಅದು ಸವೆದಾಗ ಹೆಚ್ಚಿನವರು ದುಡ್ಡಿನ ಲೆಕ್ಕ ಹಾಕುತ್ತಾರೆ: ಸಣ್ಣ ಕೆಲಸ ಮನೆಯಲ್ಲಿ, ದೊಡ್ಡದು ಅಂಗಡಿಯಲ್ಲಿ. ಆದರೆ ನೋಡಬೇಕಾದದ್ದು ಖರ್ಚನ್ನಲ್ಲ, ಸವೆತ ಕಣ್ಣಿಗೆ ಕಾಣುತ್ತದೆಯೇ ಎಂಬುದನ್ನು. ಕಾಣುವುದನ್ನು ಮಿಷನ್ ಹಿಡಿಯುವವರೇ ಸರಿಮಾಡಿಕೊಳ್ಳಬೇಕು. ಕಾಣದ್ದನ್ನು ಅಳೆಯುವ ಸಾಧನ ಇದ್ದವರಿಗೆ ಬಿಡಬೇಕು.

‘ಮಿಷನ್‌ಗೆ ಪವರೇ ಇಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಎಂಜಿನ್ ಅಲ್ಲ, ಮೊಂಡಾದ ಚೈನ್. ಹರಿತವಾದ ಹಲ್ಲು ಮರವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಮೊಂಡು ಹಲ್ಲು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಓಡುತ್ತಿರುವ ಚೈನ್ ಒಮ್ಮೆ ಮಣ್ಣಿಗೆ ತಾಗಿದರೂ ಹರಿತ ಹೋದೀತು. ಹೀಗೆ ಕೆಲಸದ ನಡುವೆಯೇ ಕೆಡುವುದಕ್ಕೆ ವರ್ಷಕ್ಕೊಮ್ಮೆಯ ಸರ್ವಿಸ್ ಯಾವ ಮದ್ದು? ಬೇಕಾದದ್ದು ಚೈನ್‌ನ ಅಳತೆಗೆ ಹೊಂದುವ ಉರುಟು ಅರ: 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿ.ಮೀ., 0.325 ಇಂಚಿನದ್ದಕ್ಕೆ 4.8 ಮಿ.ಮೀ. ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಉಜ್ಜಬೇಕು. ಒಂದು ಬದಿಯ ಹಲ್ಲು ಗಿಡ್ಡ, ಇನ್ನೊಂದು ಬದಿಯದು ಉದ್ದ ಉಳಿದರೆ ಕೊಯ್ತ ಸೊಟ್ಟಗಾಗುತ್ತದೆ. ಹಲ್ಲಿನ ಮುಂದಿರುವ ಡೆಪ್ತ್ ಗೇಜನ್ನು ಬಹಳ ಮಂದಿ ಮರೆಯುತ್ತಾರೆ. ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿನಲ್ಲಿರಬೇಕು. ಎತ್ತರವಾದರೆ ಹಲ್ಲು ಮರವನ್ನು ಕಚ್ಚುವುದಿಲ್ಲ; ತೀರಾ ತಗ್ಗಾದರೆ ವಿಪರೀತ ಕಚ್ಚಿ, ಬಾರ್ ಕೊಯ್ಯುವವನ ಮುಖದತ್ತ ಚಿಮ್ಮುವ ಅಪಾಯ ಹೆಚ್ಚುತ್ತದೆ. ಬಾರ್ ಒಂದೇ ಕಡೆ ಸವೆಯದಂತೆ ಆಗಾಗ ಮಗುಚಿ ಹಾಕುವುದು, ಏರ್ ಫಿಲ್ಟರ್ ತೊಳೆಯುವುದು, ಸ್ಪ್ರಾಕೆಟ್‌ನಲ್ಲಿ ಗುಳಿ ಬಿದ್ದಿದೆಯೇ ಎಂದು ನೋಡುವುದು ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಎಂಜಿನ್‌ನ ಕಥೆ ಬೇರೆ. ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನ ಜೊತೆ ಬರುವ ಆಯಿಲ್ ಒಂದೇ ಆಧಾರ. 50:1 ಎಂದರೆ ಲೀಟರಿಗೆ ಬರೀ 20 ಮಿ.ಲೀ. ಕ್ರ್ಯಾಂಕ್‌ನ ಆಯಿಲ್ ಸೀಲ್ ಸವೆದು ಗಾಳಿ ಒಳಹೊಕ್ಕರೆ ಪೆಟ್ರೋಲಿನ ಪಾಲು ಕುಗ್ಗುತ್ತದೆ, ಅದರೊಂದಿಗೆ ಆಯಿಲ್ ಕೂಡ. ಆಗ ಮಿಷನ್ ಇನ್ನೂ ಜೋರಾಗಿ ಓಡುತ್ತದೆ! ಕೇಳುವವರಿಗೆ ಖುಷಿ, ಪಿಸ್ಟನ್‌ಗೆ ಗೀರು. ಕಾರ್ಬೊರೇಟರ್ ಸ್ಕ್ರೂ ತಿರುವಿದರೆ ಸದ್ದು ಸರಿಹೋದೀತು, ಸೀಲ್ ಸರಿಹೋಗದು. ಈ ಸೋರಿಕೆ ಗೊತ್ತಾಗುವುದು ಪ್ರೆಷರ್ ಮತ್ತು ವ್ಯಾಕ್ಯೂಮ್ ಪರೀಕ್ಷೆಯಿಂದ. ಚೈನ್ ಬ್ರೇಕ್ ಹಿಡಿಯುತ್ತದೆಯೇ ಎಂದು ದಿನಾ ಮನೆಯಲ್ಲೇ ನೋಡಬಹುದು. ಅದರ ಪಟ್ಟಿ ಬದಲಿಸುವುದು ಮಾತ್ರ ತಿಳಿದವರ ಕೆಲಸ, ತಪ್ಪಿದರೆ ಕೆಡುವುದು ಮಿಷನ್ ಅಲ್ಲ, ಮನುಷ್ಯ.

ಅಂಗಡಿ ದೂರ, ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ ಡೂಪ್ಲಿಕೇಟ್ ಪಾರ್ಟ್ ಹಾಕುತ್ತಾರೆ, ಯೂಟ್ಯೂಬ್‌ನಲ್ಲಿ ಎಲ್ಲವೂ ಇದೆ ಎನ್ನುವವರಿದ್ದಾರೆ. ವಿಡಿಯೊ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿಸೀತು, ನಿಮ್ಮ ಮಿಷನ್‌ನ ಸೋರಿಕೆಯನ್ನು ಅಳೆದು ಕೊಡದು. ದೂರದ ಮಾತು ನಿಜ. ಆದರೆ ಚೈನ್ ಮಸೆಯುವುದನ್ನು ಮನೆಯಲ್ಲೇ ಕಲಿತರೆ ಅಂಗಡಿಗೆ ಓಡುವ ಸರದಿಯೇ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿದರೆ ಇನ್ನಷ್ಟು ಕಡಿಮೆ, ಏಕೆಂದರೆ ಈಗಿನ ಪೆಟ್ರೋಲಿನಲ್ಲಿರುವ ಶೇ 20ರಷ್ಟು ಎಥೆನಾಲ್ ನೀರು ಹೀರುತ್ತದೆ. ಪಾರ್ಟ್ ಬಗೆಗಿನ ಅನುಮಾನವೂ ಆಧಾರವಿಲ್ಲದ್ದಲ್ಲ. ಹಳೆಯ ಪಾರ್ಟ್ ವಾಪಸ್ ಕೇಳಿ ಪಡೆಯಿರಿ. ಪ್ರೆಷರ್ ಪರೀಕ್ಷೆ ಮಾಡುತ್ತಾರೆಯೇ ಎಂದೂ ಕೇಳಿ. ಕಿವಿಯಿಂದಲೇ ಎಂಜಿನ್ ಅಳೆಯುವ ಮೆಕ್ಯಾನಿಕ್ಕಿಗೂ ನಿಮಗೂ ಇರುವ ವ್ಯತ್ಯಾಸ ಅವನ ಬಳಿ ಸ್ಪ್ಯಾನರ್ ಜಾಸ್ತಿ ಇರುವುದಷ್ಟೇ. ಪಿಸ್ಟನ್, ಸಿಲಿಂಡರ್ ಎರಡೂ ಹೋಗಿದ್ದರೆ ಹೊಸ ಸೆಟ್ ಹಾಕಿಸುವ ಮುನ್ನ ಹಳೆಯದು ಏಕೆ ಹೋಯಿತೆಂಬುದಕ್ಕೆ ಅವನಿಂದ ಉತ್ತರ ಸಿಗಬೇಕು. ಸೀಲ್ ಹಾಗೇ ಸೋರುತ್ತಿದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.