ಮೂಗು ಕಳೆದುಕೊಂಡ ಖುರಾಸಾನಿ ಬೆಕ್ಕು

ಪರ್ಷಿಯನ್ ಬೆಕ್ಕಿಗೆ ಗಿಡ್ಡ ಕಾಲು, ಅಗಲ ಎದೆ, ದುಂಡು ತಲೆ, ಪುಟ್ಟ ಕಿವಿ. ಮೈಮೇಲಿನ ಕೂದಲು 10 ಸೆಂಟಿಮೀಟರ್ ದಾಟುವುದುಂಟು. ಅದರ ಕೆಳಗೆ ಒತ್ತಾದ, ಮೆತ್ತನೆಯ ಒಳತುಪ್ಪಳ ಬೇರೆ. ಬೆಳೆದದ್ದು ಮೂರರಿಂದ ಐದೂವರೆ ಕಿಲೊ ತೂಗುತ್ತದೆ, ಸರಿಯಾಗಿ ನೋಡಿಕೊಂಡರೆ 12ರಿಂದ 15 ವರ್ಷ ಬಾಳುತ್ತದೆ. ಜಿಗಿದಾಟ ಕಡಿಮೆ, ದನಿ ಸಣ್ಣದು, ಬೇಟೆಯ ಹುಮ್ಮಸ್ಸು ಅಷ್ಟಕ್ಕಷ್ಟೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಬೆಕ್ಕು ಸಾಕುತ್ತ ಬಂದದ್ದೇ ಜೋಳದ ಚೀಲಕ್ಕೆ ಇಲಿ ಬಾಯಿ ಹಾಕಬಾರದೆಂದು. ಕಬ್ಬು, ಗೋವಿನಜೋಳದ ಹೊಲಗಳ ನಡುವಿನ ಊರುಗಳಲ್ಲಿ ಆ ಕೆಲಸಕ್ಕೆ ಇಂದಿಗೂ ಕೊರತೆಯಿಲ್ಲ. ಬೆಳಗಾವಿ, ಕೊಲ್ಹಾಪುರದ ಪೆಟ್ ಶಾಪುಗಳಿಂದ ಬುಟ್ಟಿಯಲ್ಲಿ ಬರುವ ಉದ್ದಗೂದಲಿನ ಮರಿಗೆ ಮಾತ್ರ ಸೋಫಾದ ಮೇಲಿನ ಜಾಗವೇ ನಿಗದಿ. ಹಾಗಿದ್ದೂ ಕನ್ನಡ ನಾಡಿನೊಂದಿಗೆ ಇದರ ನಂಟು ಪೆಟ್ ಶಾಪಿಗಿಂತ ಬಹಳ ಹಳೆಯದು. ಆ ನಂಟಿನ ಕೊಂಡಿ ಒಬ್ಬ ರೋಮನ್ ಪ್ರವಾಸಿ.

ಮೊದಲು ಕೂದಲಿನ ವಿಷಯ. ಬೆಕ್ಕಿನ ಕೂದಲು ಒಂದಷ್ಟು ಬೆಳೆದ ಮೇಲೆ ನಿಲ್ಲಬೇಕೆಂದು ಹೇಳುವ ವಂಶವಾಹಿಯ ಹೆಸರು ಎಫ್‌ಜಿಎಫ್5. ಅದು ಕೆಟ್ಟರೆ ನಿಲ್ಲು ಎನ್ನುವವರೇ ಇಲ್ಲ, ಕೂದಲು ಬೆಳೆಯುತ್ತಲೇ ಹೋಗುತ್ತದೆ. 2007ರಲ್ಲಿ ಪ್ರಕಟವಾದ ಸಂಶೋಧನೆಗಳು ಇದನ್ನು ತೋರಿಸಿಕೊಟ್ಟವು. ಕೆಟ್ಟ ಪ್ರತಿ ತಂದೆ, ತಾಯಿ ಇಬ್ಬರಿಂದಲೂ ಬಂದಾಗಷ್ಟೇ ಮರಿಗೆ ಉದ್ದಗೂದಲು. ಹೀಗಾಗಿ ಗಿಡ್ಡಗೂದಲಿನ ಎರಡು ಬೆಕ್ಕುಗಳಿಗೂ ಒಮ್ಮೊಮ್ಮೆ ಉದ್ದಗೂದಲಿನ ಮರಿ ಹುಟ್ಟಿ ಮನೆಯವರನ್ನು ಬೆರಗುಗೊಳಿಸುತ್ತದೆ.

ಇಂಥ ಬೆಕ್ಕನ್ನು ಕಂಡು ವಿವರವಾಗಿ ಬರೆದಿಟ್ಟ ಮೊದಲ ಐರೋಪ್ಯರಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಮುಖ್ಯ. 1586ರಲ್ಲಿ ರೋಮಿನಲ್ಲಿ ಹುಟ್ಟಿದ ಸಿರಿವಂತ. 1614ರಲ್ಲಿ ವೆನಿಸ್ ಬಿಟ್ಟು ಹೊರಟ. ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್ ಸುತ್ತಿ, ಬಾಗ್ದಾದಿನಲ್ಲಿ ಮಾನಿ ಎಂಬ ಹೆಣ್ಣನ್ನು ಮದುವೆಯಾಗಿ ಪರ್ಷಿಯಾ ಸೇರಿದ. ನೇಪಲ್ಸಿನ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊನಿಗೆ ಉದ್ದುದ್ದ ಪತ್ರ ಬರೆಯುವುದು ಅವನ ಚಾಳಿ. 1620ರ ಜೂನಿನಲ್ಲಿ ಇಸ್ಫಹಾನಿನಿಂದ ಬರೆದ ಪತ್ರದಲ್ಲಿ ಖುರಾಸಾನ್ ಸೀಮೆಯ ಬೆಕ್ಕು ಬರುತ್ತದೆ. ಆಕಾರದಲ್ಲೂ ಗಾತ್ರದಲ್ಲೂ ಅದು ಸಾಮಾನ್ಯ ಬೆಕ್ಕಿನಂತೆಯೇ ಇತ್ತು ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಚೆಲುವೆಲ್ಲ ಬಣ್ಣ ಮತ್ತು ಕೂದಲಿನದು: ಪಟ್ಟೆಯಿಲ್ಲದ, ಮಚ್ಚೆಯಿಲ್ಲದ ಬೂದು, ಬೆನ್ನು, ತಲೆ ತುಸು ಗಾಢ, ಎದೆ, ಹೊಟ್ಟೆ ತಿಳಿ. ಕೊರಳಡಿಯ ಕೂದಲು ಸುರುಳಿಗಟ್ಟಿತ್ತು. ಬಾಲದ ಕೂದಲು ಐದಾರು ಬೆರಳಗಲ ಉದ್ದ. ಅಳಿಲಿನಂತೆ ಅದನ್ನು ಬೆನ್ನ ಮೇಲೆ ಮಡಚಿ ಕುಚ್ಚಿನ ಹಾಗೆ ನಿಲ್ಲಿಸುತ್ತಿತ್ತು. ನಾಲ್ಕು ಜೋಡಿ ಬೆಕ್ಕುಗಳನ್ನು ಕೂಡಿಟ್ಟುಕೊಂಡು, ಇಟಲಿಯಲ್ಲಿ ಈ ತಳಿ ಬೆಳೆಸುವ ಲೆಕ್ಕ ಹಾಕುತ್ತಿದ್ದ.

ಅದೇ ಪತ್ರದ ಇನ್ನೊಂದು ಮಾತಿನ ಪ್ರಕಾರ ಪೋರ್ತುಗೀಸರು ಇಂಥ ಬೆಕ್ಕುಗಳನ್ನು ಆಗಲೇ ಪರ್ಷಿಯಾದಿಂದ ಹಿಂದೂಸ್ಥಾನಕ್ಕೆ ಒಯ್ದಿದ್ದರು. ಹಿಂದೂಸ್ಥಾನದಲ್ಲಿ ಅವರ ರಾಜಧಾನಿ ಗೋವಾ. ಹೋರ್ಮುಜ್ ಬಂದರಿನಿಂದ ಗೋವೆಗೆ ಅರಬ್ಬಿ ಕುದುರೆಗಳು ಬರುತ್ತಿದ್ದ ಕಡಲದಾರಿಯೂ 1622ರವರೆಗೆ ಅವರ ಕೈಯಲ್ಲೇ ಇತ್ತು. ಆ ಕಾಲಕ್ಕೆ ಗೋಕಾಕ, ಹುಕ್ಕೇರಿ ಸೀಮೆ ವಿಜಯಪುರದ ಆದಿಲಶಾಹಿಗೆ ಸೇರಿದ್ದು. ಗೋವೆಯ ಬಂದರಿಗೂ ಈ ಸೀಮೆಗೂ ನಡುವೆ ಇದ್ದದ್ದು ಒಂದು ಘಟ್ಟ.

ದೆಲ್ಲ ವಾಲ್ಲೆಯ ಮುಂದಿನ ದಾರಿ ಸುಖದ್ದಾಗಿರಲಿಲ್ಲ. 1621ರ ಕೊನೆಯಲ್ಲಿ ಮಿನಾಬ್ ಎಂಬಲ್ಲಿ ಮಾನಿ ಜ್ವರದಿಂದ ತೀರಿಕೊಂಡಳು. ಅವಳ ದೇಹ ಕೆಡದಂತೆ ಮಸಾಲೆ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಹೊತ್ತು ತಿರುಗಿದ. 1623ರ ಫೆಬ್ರವರಿಯಲ್ಲಿ ಸೂರತ್ ಮುಟ್ಟಿದ, ಬಳಿಕ ಗೋವೆಗೆ ಬಂದ. ಅಕ್ಟೋಬರಿನಲ್ಲಿ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸ್ ರಾಯಭಾರಿಯ ಸಂಗಡ ಕನ್ನಡ ನಾಡಿಗೆ ಕಾಲಿಟ್ಟ.

ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದವರು ದಾರಿಯಲ್ಲಿ ತಂಗಿದಾಗ ದೇವಸ್ಥಾನದ ಜಗುಲಿಯ ಮೇಲೆ ಅವನು ಕಂಡ ನೋಟ ಇತಿಹಾಸ ಓದಿದವರಿಗೆ ಪರಿಚಿತ. ನಾಲ್ಕು ಹುಡುಗರು ನೆಲದ ಮೇಲೆ ನುಣ್ಣನೆಯ ಮಳಲು ಹರಡಿ, ಲೆಕ್ಕವನ್ನು ರಾಗವಾಗಿ ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಬರೆಯುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮಳಲು ಹಾಕುತ್ತಿದ್ದರು. ಮರೆತರೆ ತಿದ್ದುವವರಾರು ಎಂಬ ಪ್ರಶ್ನೆಗೆ, ಒಬ್ಬರಿಗೊಬ್ಬರು ಎಂಬರ್ಥದ ಉತ್ತರ ಬಂತು. ನವೆಂಬರಿನಲ್ಲಿ ಅವನು ಇಕ್ಕೇರಿಯಲ್ಲಿದ್ದ. ಕೋಲಾಟದ ಹುಡುಗಿಯರನ್ನೂ ಅಲ್ಲಿನ ದೊಡ್ಡ ದೇವಾಲಯವನ್ನೂ ನೋಡಿದ. ಮಂಗಳೂರಿನ ಕಡೆ ಹೋದಾಗ ಉಳ್ಳಾಲದ ರಾಣಿಯನ್ನು ಹೊಲದ ಬದಿಯಲ್ಲಿ ಭೇಟಿಯಾದ. ಬರಿಗಾಲಲ್ಲಿ ನಿಂತು ನೀರಿನ ಕಾಲುವೆ ಕೆಲಸ ನೋಡಿಕೊಳ್ಳುತ್ತಿದ್ದ ಆ ಹೆಣ್ಣಿನ ಚಿತ್ರ ಅವನ ಪತ್ರಗಳಿಂದಲೇ ನಮಗೆ ಸಿಕ್ಕಿದ್ದು. 1626ರಲ್ಲಿ ರೋಮ್ ತಲುಪಿ, ಹೆಂಡತಿಯನ್ನು ಅಲ್ಲಿಯ ಅರಾಚೆಲಿ ಚರ್ಚಿನಲ್ಲಿ ಮಣ್ಣುಮಾಡಿದ. ಬೆಕ್ಕಿನ ಪುಸ್ತಕಗಳು ಸಾಮಾನ್ಯವಾಗಿ ಇವನನ್ನು ಇಸ್ಫಹಾನಿನಲ್ಲೇ ಬಿಟ್ಟುಬಿಡುತ್ತವೆ. ನಮ್ಮ ಇತಿಹಾಸದ ಪುಸ್ತಕಗಳಿಗೆ ಇವನ ಬೆಕ್ಕು ಬೇಕಿಲ್ಲ. ಒಬ್ಬನೇ ಮನುಷ್ಯನನ್ನು ಎರಡು ಕಪಾಟಿಗೆ ಹಂಚಿಟ್ಟ ಹಾಗಾಗಿದೆ.

‘ಪರ್ಷಿಯನ್’ ಎಂಬ ಹೆಸರಿನ ಮೇಲೆ ತಕರಾರು ಎತ್ತಿದವನೂ ಈ ಕಡೆಯವರಿಗೆ ಗೊತ್ತಿರುವವನೇ. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1809ರಲ್ಲಿ ಕಾಬೂಲಿನ ದೊರೆ ಶಾ ಶುಜಾನ ಬಳಿಗೆ ಪೇಶಾವರಕ್ಕೆ ರಾಯಭಾರಿಯಾಗಿ ಹೋಗಿದ್ದ. 1815ರಲ್ಲಿ ಪ್ರಕಟವಾದ ಅವನ ಕಾಬೂಲ್ ರಾಜ್ಯದ ವೃತ್ತಾಂತದಲ್ಲಿ ಕುದುರೆ, ಒಂಟೆ, ನಾಯಿಗಳ ಜೊತೆ ಉದ್ದಗೂದಲಿನ ಬೆಕ್ಕೂ ಬರುತ್ತದೆ. ಅದನ್ನು ಎಲ್ಲೆಡೆ ಪರ್ಷಿಯನ್ ಎನ್ನುತ್ತಾರೆ, ಆದರೆ ಪರ್ಷಿಯಾದಲ್ಲಿ ಅಂಥವು ಹೆಚ್ಚಿಲ್ಲ, ಅಲ್ಲಿಂದ ಹೊರಗೆ ಹೋಗುವುದೂ ಇಲ್ಲವೆನ್ನುವಷ್ಟು ಅಪರೂಪ. ರಾಶಿಗಟ್ಟಲೆ ರಫ್ತಾಗುವುದು ಕಾಬೂಲ್ ಸೀಮೆಯಿಂದ ಎಂಬುದು ಅವನ ವಾದ. ಇದೇ ಎಲ್ಫಿನ್‌ಸ್ಟನ್ 1819ರಿಂದ 1827ರವರೆಗೆ ಮುಂಬಯಿಯ ಗವರ್ನರ್. ಪೇಶ್ವೆಯ ಪತನದ ನಂತರ ಈ ಪ್ರಾಂತದ ಬಹುಭಾಗ ಅವನ ಆಡಳಿತಕ್ಕೆ ಬಂತು. ಬೆಳಗಾವಿ ಜಿಲ್ಲೆ ಬೇರೆಯಾದದ್ದು ಆಮೇಲೆ, 1836ರಲ್ಲಿ. 1824ರ ಕಿತ್ತೂರಿನ ದತ್ತು ಪ್ರಕರಣ, ಕಲೆಕ್ಟರ್ ಥ್ಯಾಕರೆಯ ಸಾವು ಎಲ್ಲ ಅವನ ಕಾಲದವೇ. ದತ್ತುಮಗನ ಹಕ್ಕು ಒಪ್ಪದ ಸರಕಾರದ ಗವರ್ನರ್ ಬೆಕ್ಕಿನ ವಂಶದ ಹಕ್ಕಿನ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿದ್ದುದು ತಮಾಷೆಯೇ. ಅವನ ವಾದಕ್ಕೂ ದೆಲ್ಲ ವಾಲ್ಲೆಯ ಮಾತಿಗೂ ದೊಡ್ಡ ಜಗಳವೇನೂ ಇಲ್ಲ. ಹಳೆಯ ಖುರಾಸಾನ್ ಹೆರಾತಿನವರೆಗೂ ಚಾಚಿಕೊಂಡಿತ್ತು. ಇಂದಿನ ಗಡಿಗಳು ಬೆಕ್ಕಿಗಾಗಲಿ ವ್ಯಾಪಾರಿಗಾಗಲಿ ಇರಲಿಲ್ಲ.

ಮುಂದಿನದು ಇಂಗ್ಲೆಂಡಿನ ಕಥೆ. 1871ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವಿಯರ್ ಎಂಬಾತ ಬೆಕ್ಕುಗಳ ಪ್ರದರ್ಶನ ನಡೆಸಿದ. ವಿಕ್ಟೋರಿಯಾ ರಾಣಿಯೂ ನೀಲಿ ಛಾಯೆಯ ಪರ್ಷಿಯನ್ ಬೆಕ್ಕುಗಳನ್ನು ಸಾಕಿದಳು, ಬೇಡಿಕೆ ಏರಿತು. ಯುರೋಪಿನ ನಾಡಬೆಕ್ಕುಗಳ ಜೊತೆ ಎಷ್ಟು ಬೆರಕೆಯಾಯಿತೆಂದರೆ, 2008ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದಲ್ಲಿ ಪರ್ಷಿಯನ್ ಬೆಕ್ಕು ಪಶ್ಚಿಮ ಯುರೋಪಿನ ಬೆಕ್ಕುಗಳ ಗುಂಪಿಗೇ ಸೇರಿಕೊಂಡಿತು. ಹೆಸರಷ್ಟೇ ಪರ್ಷಿಯಾದ್ದು.

ರಕ್ತ ಹೋದರೆ ಹೋಗಲಿ, ಮೂಗು ಹೋಯಿತಲ್ಲ! ದೆಲ್ಲ ವಾಲ್ಲೆ ಕಂಡ ಬೆಕ್ಕಿನ ಮುಖ ಸಾಮಾನ್ಯ ಬೆಕ್ಕಿನದೇ. 19ನೇ ಶತಮಾನದ ಚಿತ್ರಗಳಲ್ಲೂ ಪರ್ಷಿಯನ್ ಬೆಕ್ಕಿಗೆ ಮೂಗು ನೆಟ್ಟಗಿದೆ. 20ನೇ ಶತಮಾನದಲ್ಲಿ ಪ್ರದರ್ಶನದ ತೀರ್ಪುಗಾರರು ಚಪ್ಪಟೆ ಮುಖಕ್ಕೆ ಬಹುಮಾನ ಕೊಡುತ್ತ ಹೋದರು, ಸಾಕಣೆದಾರರು ಅಂಥವನ್ನೇ ಆರಿಸಿ ಕೂಡಿಸುತ್ತ ಹೋದರು. ಈಗ ಕೆಲವು ಬೆಕ್ಕುಗಳ ಮೂಗು ಎರಡು ಕಣ್ಣುಗಳ ನಡುವೆ ಹುದುಗಿ ಕೂತಿದೆ. ನಮ್ಮ ಪೆಟ್ ಶಾಪುಗಳ ಭಾಷೆಯಲ್ಲಿ ಮೂಗಿರುವುದು ‘ಡಾಲ್ ಫೇಸ್’, ಮೂಗು ಒಳಸೇರಿದ್ದು ‘ಪಂಚ್ ಫೇಸ್’. ಮುಖಕ್ಕೆ ಗುದ್ದು ತಿಂದಂತಿರುವ ಎರಡನೆಯದಕ್ಕೇ ರೇಟು ಹೆಚ್ಚು. ಇದಕ್ಕೆ ಚೆಲುವು ಎಂದು ಹೆಸರು ಕೊಟ್ಟವರು ಉಸಿರಾಡಲು ಬೆಕ್ಕು ಪಡುವ ಪಾಡನ್ನು ಒಂದು ರಾತ್ರಿ ಕೇಳಿಸಿಕೊಳ್ಳಬೇಕು.

ಗಿಡ್ಡ ಮೂಗಿನೊಂದಿಗೆ ತಲೆಬುರುಡೆಯೂ ಬದಲಾಗುತ್ತದೆ. ಕಣ್ಣೀರನ್ನು ಮೂಗಿಗೆ ಇಳಿಸುವ ಸಣ್ಣ ನಾಳ ಸೊಟ್ಟಗಾಗಿ, ನೀರು ಕೆನ್ನೆಯ ಮೇಲೆ ಹರಿದು ಕಂದು ಕಲೆ ಕಟ್ಟುತ್ತದೆ. ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ದಿನವೂ ಅದನ್ನು ಒರೆಸಬೇಕು, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಮೇಲಿನ, ಕೆಳಗಿನ ಹಲ್ಲುಗಳು ಕೂಡದೆ ಕೆಲವಕ್ಕೆ ಕಾಳು ಎತ್ತಲು ಕಷ್ಟ. ಅಂಥವಕ್ಕೆ ಆಳವಿಲ್ಲದ ಅಗಲ ತಟ್ಟೆ ಒಳ್ಳೆಯದು. ಮರಿಗಳ ತಲೆ ದುಂಡಗಿರುವುದರಿಂದ ಹೆರಿಗೆಯೂ ತೊಡಕಿನದು.

ಗೋಕಾಕದ ಕಡೆ ಎಲ್ಲಕ್ಕಿಂತ ಮೊದಲ ಚಿಂತೆ ಬಿಸಿಲು. ಬೆಕ್ಕಿಗೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಉಳಿದಂತೆ ಮೈ ನೆಕ್ಕಿ, ಮೂಗಿನ ಒಳಪೊರೆಯ ಮೇಲೆ ಗಾಳಿ ಹಾಯಿಸಿ ತಂಪು ಮಾಡಿಕೊಳ್ಳಬೇಕು. ಮೂಗೇ ಇಲ್ಲದ, ಮೈಮೇಲೆ ದಪ್ಪ ತುಪ್ಪಳ ಹೊತ್ತ ಬೆಕ್ಕಿಗೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಶಿಕ್ಷೆಯೇ ಸರಿ. ಪತ್ರಾಸಿನ ಮಾಡಿನ ಕೋಣೆಯಲ್ಲಿ ಕೂಡಿಹಾಕಿ ಹೊಲಕ್ಕೆ ಹೋಗುವುದು ಕೊಂದ ಹಾಗೆಯೇ. ಕಲ್ಲುಹಾಸಿನ ನೆಲ, ಗಾಳಿಯಾಡುವ ಪಡಸಾಲೆ, ಎರಡು ಮೂರು ಕಡೆ ಇಟ್ಟ ನೀರು ಬೇಕು. ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಒದ್ದೆ ಬಟ್ಟೆಯಿಂದ ಮೈ, ಅಂಗಾಲು ಒರೆಸಿ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಬೇಕು.

ಕೂದಲಿನ ಆರೈಕೆಗೆ ರಜೆಯಿಲ್ಲ. ಕಂಕುಳು, ಕಿವಿಯ ಹಿಂಭಾಗ, ಹೊಟ್ಟೆ, ತೊಡೆಸಂದು ಬೇಗ ಜಡೆಗಟ್ಟುವ ಜಾಗಗಳು. ಮೊದಲು ಹಲ್ಲು ಅಗಲವಿರುವ ಲೋಹದ ಹಣಿಗೆ, ನಂತರ ಒತ್ತುಹಲ್ಲಿನದು. ಗಂಟು ಸಿಕ್ಕರೆ ಬುಡದಲ್ಲಿ ಎರಡು ಬೆರಳು ಒತ್ತಿ ಹಿಡಿದು, ತುದಿಯಿಂದ ಶುರುಮಾಡಿ ಹತ್ತಿ ಹಿಂಜಿದಂತೆ ಎಳೆ ಎಳೆ ಬಿಡಿಸಬೇಕು. ಕತ್ತರಿ ಹಾಕಬಾರದು, ಬೆಕ್ಕಿನ ಚರ್ಮ ತೆಳು, ಗಂಟಿನೊಳಗೆ ಎದ್ದುಬಂದಿರುತ್ತದೆ, ಕೂದಲೆಂದುಕೊಂಡು ಚರ್ಮವನ್ನೇ ಕತ್ತರಿಸಿದವರಿದ್ದಾರೆ. ಬಾಚದೆ ಸ್ನಾನ ಮಾಡಿಸಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಅಂಗಳಕ್ಕೆ ಬಿಟ್ಟರೆ ಉತ್ತರಾಣಿಯ ಮುಳ್ಳುಕಾಳು, ಮಳೆಗಾಲದಲ್ಲಿ ಎರಿಮಣ್ಣು, ಕಬ್ಬು ಕಡಿದ ಮೇಲೆ ಸುಡುವ ರವದಿಯ ಕರಿಬೂದಿ ಎಲ್ಲ ಮೈಗೆ ಅಂಟುತ್ತವೆ. ಒದ್ದೆ ಉಳಿದ ಒಳತುಪ್ಪಳದಲ್ಲಿ ಹುಳುಕಡ್ಡಿ ಏಳುತ್ತದೆ. ಪರ್ಷಿಯನ್ ಬೆಕ್ಕಿಗೆ ಇದು ಸುಲಭವಾಗಿ ತಗಲುತ್ತದೆ, ಮಡಿಲಲ್ಲಿ ಕೂರಿಸಿಕೊಂಡ ಮಕ್ಕಳಿಗೂ ಹತ್ತುತ್ತದೆ.

ಊಟದ ವಿಷಯದಲ್ಲಿ ಈ ಭಾಗದ ಶಾಕಾಹಾರಿ ಮನೆಗಳಿಗೆ ಇಕ್ಕಟ್ಟು. ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದರೆ ನಾಡಬೆಕ್ಕು ಬದುಕುವುದು ಉಳಿದದ್ದನ್ನು ಹೊರಗೆ ಬೇಟೆಯಾಡಿ ತಿನ್ನುವುದರಿಂದ. ಮನೆಯೊಳಗೇ ಇರುವ ಬೆಕ್ಕಿಗೆ ಆ ದಾರಿಯಿಲ್ಲ. ಮಾಂಸದಲ್ಲಷ್ಟೇ ಸಾಕಷ್ಟು ಸಿಗುವ ಟಾರಿನ್ ಎಂಬ ಅಂಶ ಕಡಿಮೆಯಾದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆಂದು 1975ರಲ್ಲೂ, ಹೃದಯ ಸೋಲುತ್ತದೆಂದು 1987ರಲ್ಲೂ ಗೊತ್ತಾಯಿತು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದೂ ಇಲ್ಲ. ಅಡುಗೆಮನೆಯಲ್ಲಿ ಮಾಂಸ ಬೇಡವೆನ್ನುವವರು ಬೆಕ್ಕಿಗೆಂದೇ ತಯಾರಿಸಿದ ಆಹಾರದ ಪೊಟ್ಟಣ ತರಬೇಕು. ಅದೂ ಒಲ್ಲದವರು ಈ ಪ್ರಾಣಿಯ ಗೊಡವೆಗೇ ಹೋಗದಿರುವುದು ಲೇಸು.

ಎಮ್ಮೆ ಕಟ್ಟಿದ ಮನೆಗಳಲ್ಲಿ ಉಣ್ಣಿಗೆ ಹೊಡೆಯುವ ಔಷಧದ ಬಾಟಲಿ ಇದ್ದೇ ಇರುತ್ತದೆ. ಅದನ್ನು, ಅಥವಾ ನಾಯಿಗೆ ಹಾಕುವ ಪರ್ಮೆತ್ರಿನ್ ಹನಿಗಳನ್ನು, ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳೆತ ಬಂದು ಸಾಯಬಹುದು. ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವಂತಿಲ್ಲ. ಅದನ್ನು ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಗುಳಿಗೆ ಪ್ರಾಣ ತೆಗೆದೀತು. ಎಂಟು ವಾರದ ಹೊತ್ತಿಗೆ ಶುರುವಾಗುವ ಲಸಿಕೆಗಳನ್ನೂ ರೇಬೀಸ್ ಲಸಿಕೆಯನ್ನೂ ತಪ್ಪಿಸಬಾರದು.

ಇನ್ನೊಂದು ರೋಗ ರಕ್ತದಲ್ಲೇ ಬರುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳೆದ್ದು ಮೆಲ್ಲಗೆ ದೊಡ್ಡದಾಗುವ ಈ ರೋಗಕ್ಕೆ ಕಾರಣವಾದ ವಂಶವಾಹಿ ದೋಷ 2004ರಲ್ಲಿ ಪತ್ತೆಯಾಯಿತು. ಜಗತ್ತಿನ ಪರ್ಷಿಯನ್ ಬೆಕ್ಕುಗಳಲ್ಲಿ ಸುಮಾರು ಶೇಕಡಾ 38ರಷ್ಟು ಇದನ್ನು ಹೊತ್ತಿವೆ ಎಂಬುದು ಆಗಿನ ಅಂದಾಜು. ಉದ್ದಗೂದಲಿನ ಹಾಗಲ್ಲ ಇದು. ತಂದೆ, ತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು. ಮೂರರಿಂದ ಹತ್ತು ವರ್ಷದೊಳಗೆ ತೂಕ ಇಳಿದು, ನೀರು ಹೆಚ್ಚು ಕುಡಿಯತೊಡಗಿದಾಗ ಮನೆಯವರಿಗೆ ಗೊತ್ತಾಗುತ್ತದೆ. ಆಗ ಮಾಡಲು ಉಳಿದಿರುವುದು ಕಡಿಮೆ. ಮರಿ ಕೊಳ್ಳುವವರು ಅದರ ತಾಯಿತಂದೆಗಳ ಡಿಎನ್‌ಎ ಪರೀಕ್ಷೆ ಅಥವಾ ಸ್ಕ್ಯಾನಿಂಗ್ ವರದಿ ಕೇಳಬೇಕು. 2018ರ ಪೆಟ್ ಶಾಪ್ ನಿಯಮಗಳಂತೆ ಅಂಗಡಿಯು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದೆಯೇ ಎಂದೂ ವಿಚಾರಿಸಬೇಕು. ಡಾಲ್ ಫೇಸ್, ಪಂಚ್ ಫೇಸ್ ಎರಡೂ ಎದುರಿಗಿದ್ದರೆ ಮೂಗಿರುವುದನ್ನೇ ಆರಿಸಿಕೊಳ್ಳಬೇಕು. ರೇಟೂ ಕಡಿಮೆ, ಆಸ್ಪತ್ರೆಯ ಖರ್ಚೂ ಕಡಿಮೆ.